ಬೆಂಗಳೂರಿನಲ್ಲಿ ಹೊಲಿದ ರೆಕ್ಕೆ

ವೈದ್ಯನಾಥಪುರ
14 ಡಿಸೆಂಬರ್ 2025, ಭಾನುವಾರ

ಪ್ರೀತಿಯ ಪುಟ್ಟಿಗೆ ತಾತನ ಆಶೀರ್ವಾದಗಳು.

ಭತ್ತದ ಕೊಯ್ಲು ಮುಗಿಯಿತು, ಹುಲ್ಲಿನ ಮೆದೆ ಒಟ್ಟಿಸಿದ್ದೂ ಆಯಿತು. ನಿಮ್ಮಜ್ಜಿಯ ಮಂಡಿನೋವು ಇದ್ದ ಹಾಗೇ ಇದೆ, ಬಾಯಿಯೂ ಇದ್ದ ಹಾಗೇ ಇದೆ. ಫೋನಿನಲ್ಲಿ ಹೇಳುವುದು ಬಿಟ್ಟು ಕಾಗದ ಯಾಕೆ ಬರೆದೆ ತಾತ ಅಂತ ಕೇಳುತ್ತೀಯ, ಗೊತ್ತು. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಯಿತು. ಕಾಗದವಾದರೆ ಗ್ರೀಸ್ ಮೆತ್ತಿದ ಕೈಯಲ್ಲೇ ಹಿಡಿದು ಓದಬಹುದು, ಬೇಕಾದರೆ ಹ್ಯಾಂಗರಿನ ಗೋಡೆಗೆ ಅಂಟಿಸಿಕೊಳ್ಳಬಹುದು. ನನ್ನ ಕೋಳಿಕಾಲು ಅಕ್ಷರ ತಿಳಿಯದಿದ್ದರೆ ನಿಮ್ಮಮ್ಮನ ಹತ್ತಿರ ಓದಿಸಿಕೊ. ಆದರೆ ಮಧ್ಯದಲ್ಲಿ ಒಂದು ಕಥೆ ಬರುತ್ತದೆ, ಅದನ್ನು ಮಾತ್ರ ಅವಳ ಕೈಗೆ ಕೊಡಬೇಡ. ಯಾಕೆ ಅನ್ನುವುದು ಅಲ್ಲಿಗೆ ಬಂದಾಗ ನಿನಗೇ ತಿಳಿಯುತ್ತದೆ.

ನೀನು ಕಳಿಸಿದ, ನಿಮ್ಮ ವಿಮಾನದ ಹನ್ನೊಂದು ಫೋಟೋಗಳನ್ನೂ ಪಕ್ಕದ ಮನೆ ಹುಡುಗನ ಕೈಲಿ ಮದ್ದೂರಿಗೆ ಕಳಿಸಿ, ದೊಡ್ಡದಾಗಿ ಪ್ರಿಂಟ್ ಹಾಕಿಸಿ ತರಿಸಿಕೊಂಡೆ. ಜಗಲಿಯ ಮೇಲೆ ಹರಡಿಕೊಂಡು, ಭೂತಗನ್ನಡಿ ಹಿಡಿದು ಎರಡು ದಿನ ಅದೇ ಕೆಲಸ. ದಾರಿಯಲ್ಲಿ ಹೋಗುವವರೆಲ್ಲ ಮದುವೆ ಫೋಟೋ ಅಂದುಕೊಂಡು ಬಗ್ಗಿ ನೋಡಿ, ಬರೀ ಪೈಪು ಬೋಲ್ಟು ಕಂಡು ಪೆಚ್ಚಾಗಿ ಹೋದರು.

ಏಳನೆಯ ಫೋಟೋದಲ್ಲಿ ಎಡರೆಕ್ಕೆಯ ಬಟ್ಟೆಯನ್ನು ಬುಡದಿಂದ ಒಂದು ಮೊಳದಷ್ಟು ಹಿಂದಕ್ಕೆ ಸರಿಸಿದ್ದೀಯ. ಒಳಗಿನ ಅಲ್ಯೂಮಿನಿಯಂ ಕೊಳವೆ ಕಾಣುತ್ತಿದೆ. ಅದರಲ್ಲಿ ಹಾದುಹೋದ ಬೋಲ್ಟಿನ ಸುತ್ತ, ವಿಭೂತಿ ಇಟ್ಟ ಹಾಗೆ, ಬಿಳಿ ಪುಡಿ. 'ಇದು ಧೂಳಾ ತಾತ? ಒರೆಸಿದರೆ ಹೋಗುತ್ತೆ' ಅಂತ ಕೆಳಗೆ ಬರೆದಿದ್ದೀಯ.

ಧೂಳಲ್ಲ ಕಣವ್ವ. ಅದು ಅಲ್ಯೂಮಿನಿಯಮ್ಮಿನ ತುಕ್ಕು. ಕಬ್ಬಿಣದ ತುಕ್ಕು ಕೆಂಪಗೆ ಕೂಗಿ ಹೇಳುತ್ತದೆ, ಇದು ಬೆಳ್ಳಗೆ ಸಾಧುವಿನ ಹಾಗೆ ಕೂತಿರುತ್ತದೆ. ಉಕ್ಕಿನ ಬೋಲ್ಟು, ಅಲ್ಯೂಮಿನಿಯಂ ಕೊಳವೆ, ಎರಡರ ನಡುವೆ ಆರು ವರ್ಷ ಇಂಗ್ಲೆಂಡಿನ ತೇವ. ಎರಡು ಜಾತಿಯ ಲೋಹ ಒಂದಕ್ಕೊಂದು ತಾಗಿಕೊಂಡು ಒದ್ದೆಯಾದರೆ ಸಣ್ಣ ಬ್ಯಾಟರಿಯೇ ಆಗುತ್ತದೆ, ಸವೆಯುವುದು ಅಲ್ಯೂಮಿನಿಯಮ್ಮು. ಬೋಲ್ಟು ಹೊಸದರ ಹಾಗೆ ಮಿಂಚುತ್ತಾ ಇರುತ್ತದೆ, ಅದು ಕೂತ ತೂತು ಮಾತ್ರ ದಿನೇದಿನೇ ಅಗಲವಾಗುತ್ತದೆ. ಒರೆಸಿದರೆ ಹೋಗುವುದು ಪುಡಿ. ಪುಡಿಯಾಗಿ ಹೋದ ಲೋಹ ವಾಪಸ್ ಬರುವುದಿಲ್ಲ.

ಒಂಬತ್ತನೆಯ ಫೋಟೋ ಮಾತ್ರ ನನ್ನನ್ನು ಅಳಿಸಿಬಿಟ್ಟಿತು, ನಿಮ್ಮಜ್ಜಿಗೆ ಹೇಳಬೇಡ. ಬಟ್ಟೆಯ ಅಂಚಿನ ಒಳಗೆ, ಬಿಸಿಲು ಬೀಳದ ಕಡೆ, ಬಣ್ಣ ಇನ್ನೂ ಹಳದಿಯಾಗೇ ಉಳಿದ ಜಾಗದಲ್ಲಿ ಒಂದು ಚೂರು ಪಟ್ಟಿ. ಅದರ ಮೇಲೆ ಬೆಂಗಳೂರು ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಲಿಂಕನ್‌ಶೈರಿನ ಯಾವುದೋ ರೈತನ ಕೊಟ್ಟಿಗೆಯಲ್ಲಿ ಕೋಳಿಗಳ ಜೊತೆ ಬಿದ್ದಿದ್ದ ವಿಮಾನದ ಹುಟ್ಟೂರು ನಮ್ಮ ಬೆಂಗಳೂರು. ನೀನು ಮತ್ತೆ ನಿನ್ನ ಮೂವರು ಗೆಳೆಯರು ದುಡ್ಡು ಸೇರಿಸಿ ಕೊಂಡಾಗ ಅದು ನಿನಗೂ ಗೊತ್ತಿರಲಿಲ್ಲವಂತೆ. ನನಗೆ 'ಎಕ್ಸ್-ಏರ್' ಅಂದ ಕೂಡಲೇ ಗೊತ್ತಾಗಿತ್ತು. ನೀನೇ ನೋಡಿ ಹೇಳಲಿ ಅಂತ ಸುಮ್ಮನಿದ್ದೆ.

ಜೋಯೆಲ್ ಕೋಕ್ಲಿನ್ ಅಂತ ಫ್ರಾನ್ಸಿನ ಒಬ್ಬರು ಎಂಬತ್ತರ ದಶಕದಲ್ಲಿ ಬೆಂಗಳೂರಲ್ಲಿ ನೆಲೆ ನಿಂತು ರಾಜಹಂಸ ಅಲ್ಟ್ರಾಲೈಟ್ಸ್ ಅಂತ ಕಂಪನಿ ನಡೆಸಿದರು. ಆಮೇಲೆ ಎಕ್ಸ್-ಏರ್ ಮಾಡಿದರು. ಪಕ್ಕಪಕ್ಕ ಎರಡು ಸೀಟು, ಮೂಗಿನಿಂದ ಬಾಲದವರೆಗೆ ಒಂದೇ ದಪ್ಪ ಕೊಳವೆ ಬೆನ್ನುಮೂಳೆಯ ಹಾಗೆ, ಮುಂದೆ ಎಂಜಿನ್, ಮೇಲೆ ರೆಕ್ಕೆ, ರೆಕ್ಕೆಗೆ ದಿಂಬಿನ ಗೌಸಿನ ಹಾಗೆ ಹಾಯಿಬಟ್ಟೆ. ಬಿಡಿಭಾಗಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ಹಡಗು ಹತ್ತಿಸುವುದು, ಕೊಂಡವರು ತಮ್ಮ ಮನೆಯ ಗ್ಯಾರೇಜಿನಲ್ಲಿ ಕೂತು ಜೋಡಿಸಿಕೊಳ್ಳುವುದು. ಹಾಗೆ ನೂರಾರು ವಿಮಾನ ಇಲ್ಲಿಂದ ಫ್ರಾನ್ಸಿಗೆ, ಇಂಗ್ಲೆಂಡಿಗೆ ಹೋದವು. ಅಲ್ಲಿ ವಾರದ ರಜೆಯಲ್ಲಿ ಹುಲ್ಲುಗಾವಲಿನಿಂದ ಏಳುವ ಎಷ್ಟೋ ವಿಮಾನಗಳ ಬಟ್ಟೆಗೆ ಹೊಲಿಗೆ ಹಾಕಿದ್ದು ನಮ್ಮ ಕಡೆಯ ಕೈ ಅಂತ ನಮ್ಮೂರಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಪುಷ್ಪಕ ವಿಮಾನ ಇತ್ತು ಅಂದರೆ ನಂಬುತ್ತಾರೆ. ಹಳೆಯ ಕಾಲದ ವಿಮಾನಗಳನ್ನು ವಿವರಿಸುವ ಆನೇಕಲ್ ಸುಬ್ಬರಾಯ ಶಾಸ್ತ್ರಿಗಳ ವೈಮಾನಿಕ ಶಾಸ್ತ್ರವನ್ನು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ, ಅದೇ ಐಐಎಸ್‌ಸಿಯ, ಐದು ಜನ ವಿಜ್ಞಾನಿಗಳು 1974ರಲ್ಲೇ ಕೂತು ಲೆಕ್ಕ ಹಾಕಿ, ಅದರಲ್ಲಿ ಹೇಳಿದ ಒಂದೂ ಹಾರುವಂಥದ್ದಲ್ಲ ಅಂತ ಬರೆದರು. ನಮ್ಮ ಅರಳಿಕಟ್ಟೆಗೆ ಆ ಸುದ್ದಿ ಇನ್ನೂ ಬಂದಿಲ್ಲ.

ನನಗೆ ಪುಷ್ಪಕ್ ಅಂದರೆ ಬೇರೆಯೇ. ಎಚ್‌ಎಎಲ್ ಮಾಡಿದ ಪುಷ್ಪಕ್, 1958ರಲ್ಲಿ ಮೊದಲು ಹಾರಿದ್ದು, ತೊಂಬತ್ತು ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. ನೂರೈವತ್ತಕ್ಕೂ ಹೆಚ್ಚು ಮಾಡಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆಲ್ಲ ಕೊಟ್ಟರು. ಇಪ್ಪತ್ತೆರಡರ ವಯಸ್ಸಿನಲ್ಲಿ ಜಕ್ಕೂರಿನ ವಿಮಾನ ಮೈದಾನದ ಅಂಚಿನ ಹ್ಯಾಂಗರಿಗೆ ಕಸ ಗುಡಿಸಲು ಸೇರಿದವನು ಅದರ ಬಟ್ಟೆ ಹೊಲಿಯುತ್ತಾ, ಕೇಬಲ್ ಎಳೆಯುತ್ತಾ ಮುದುಕನಾದೆ. ಮೈ ಉಕ್ಕಿನ ಕೊಳವೆ, ರೆಕ್ಕೆಗೆ ಮರದ ತೊಲೆ, ಅದಕ್ಕೆ ಪಕ್ಕೆಲುಬು, ಮೇಲೆ ಹತ್ತಿಬಟ್ಟೆ. ಇಷ್ಟೇ ವಿಮಾನ. ಮೊದಲ ದಿನ ನೋಡಿದಾಗ ನಮ್ಮಪ್ಪನ ಕಮಾನುಗಾಡಿಗೂ ಇದಕ್ಕೂ ಏನು ವ್ಯತ್ಯಾಸ ಅನ್ನಿಸಿತ್ತು.

ಬಟ್ಟೆ ಹಾಕುವುದನ್ನು ನೀನು ನೋಡಬೇಕಿತ್ತು. ಲುಂಗಿಯಷ್ಟು ಸಡಿಲವಾಗಿ ಹೊದಿಸುವುದು, ಒಂದೊಂದು ಪಕ್ಕೆಲುಬಿಗೂ ಮೇಣ ತಿಕ್ಕಿದ ದಾರದಿಂದ ಗಂಟು ಹಾಕುತ್ತಾ ಹೊಲಿಯುವುದು. ರೆಕ್ಕೆಯನ್ನು ನಿಲ್ಲಿಸಿಕೊಂಡು ಆ ಕಡೆ ಒಬ್ಬ, ಈ ಕಡೆ ಒಬ್ಬ. ಮೊಳದುದ್ದದ ಸೂಜಿ ಆ ಕಡೆಯಿಂದ ತೂರಿ ಬಂದರೆ ಈ ಕಡೆಯಿಂದ ವಾಪಸ್ ಕಳಿಸಬೇಕು, ನಡುವೆ ಮಾತೇ ಇಲ್ಲ. ಆಮೇಲೆ ಡೋಪ್ ಬಳಿಯುವುದು. ಕೊಳೆತ ಬಾಳೆಹಣ್ಣಿಗೆ ಸ್ಪಿರಿಟ್ ಸುರಿದ ಹಾಗೆ ವಾಸನೆ, ಮನೆಗೆ ಹೋದರೆ ನಿಮ್ಮಜ್ಜಿ ಹತ್ತಿರ ಸೇರಿಸುತ್ತಿರಲಿಲ್ಲ. ಒಣಗುತ್ತಾ ಒಣಗುತ್ತಾ ಬಟ್ಟೆ ತಾನಾಗೇ ಬಿಗಿಯುತ್ತದೆ. ಒಂದು ಕೋಟ್ ಬಳಿದರೆ ಸುಕ್ಕು ಹೋಗುತ್ತದೆ, ಮೂರು ಬಳಿದ ಮೇಲೆ ಬೆರಳಲ್ಲಿ ಬಾರಿಸಿದರೆ ನಾದ ಬರುತ್ತದೆ. ನಮ್ಮೂರ ಹಬ್ಬದಲ್ಲಿ ತಮಟೆಯವರು ಹುಲ್ಲುರಿ ಹಾಕಿ ತಮಟೆ ಕಾಯಿಸಿ ಬಾರಿಸಿ ನೋಡುತ್ತಾರಲ್ಲ, ಅದೇ ಕಿವಿ ಬೇಕು ಇದಕ್ಕೂ. ಮಳೆಗಾಲದಲ್ಲಿ ಬಳಿದರೆ ಗಾಳಿಯ ತೇವ ಸೇರಿ ಡೋಪ್ ಮೇಲೆ ಬೂದಿ ಹಾರಿದ ಹಾಗೆ ಬಿಳಿ ಕಟ್ಟುತ್ತಿತ್ತು. ಕೊನೆಗೆ ಅಲ್ಯೂಮಿನಿಯಂ ಪುಡಿ ಕಲೆಸಿದ ಬೆಳ್ಳಿ ಡೋಪ್. ಅದು ಚಂದಕ್ಕಲ್ಲ, ಬಿಸಿಲಿಗೆ ಅಡ್ಡ. ವಿಮಾನದ ಬಟ್ಟೆಯನ್ನು ಕೊಲ್ಲುವುದು ಗಾಳಿ ಮಳೆಗಿಂತ ಹೆಚ್ಚಾಗಿ ಸೂರ್ಯ.

ನಿನ್ನದಕ್ಕೆ ಡೋಪ್ ಬೇಡ. ಡೇಕ್ರಾನ್, ಪಾಲಿಯೆಸ್ಟರ್ ಹಾಯಿ, ಎಳೆದು ಕಟ್ಟಿ ಬಿಗಿಸುವಂಥದ್ದು. ಆದರೆ ಸೂರ್ಯ ಅಲ್ಲಿಯೂ ಅವನೇ. ಅಂಚಿನ ಒಳಗೆ ಹಳದಿ, ಹೊರಗೆ ಮಾಸಲು ಕೆನೆ. ಈ ಎರಡರ ನಡುವಿನ ವ್ಯತ್ಯಾಸವೇ ಅದು ಉಂಡ ಬಿಸಿಲಿನ ಲೆಕ್ಕ. ಬಟ್ಟೆ ಗಟ್ಟಿಯಾಗಿದೆ ಅಂತ ಎಳೆದು ನೋಡಿ ಖುಷಿಪಡಬೇಡಿ. ಬಟ್ಟೆಗಿಂತ ಮೊದಲು ಹೊಲಿಗೆಯ ದಾರ ಸಾಯುತ್ತದೆ, ಅದು ಮೇಲೆದ್ದು ಬಿಸಿಲಿಗೆ ಬೆನ್ನು ಕೊಟ್ಟು ಕೂತಿರುವುದಲ್ಲವಾ. ನಿಮ್ಮಲ್ಲಿ ಬ್ರಿಟಿಷ್ ಮೈಕ್ರೋಲೈಟ್ ಏರ್‌ಕ್ರಾಫ್ಟ್ ಅಸೋಸಿಯೇಷನ್ನಿನ ಇನ್ಸ್‌ಪೆಕ್ಟರು ಬಂದು ಸೂಜಿ ಚುಚ್ಚಿ, ಸ್ಪ್ರಿಂಗ್ ತಕ್ಕಡಿಯಿಂದ ಎಳೆದು, ಬಟ್ಟೆ ಹರಿಯುತ್ತದೋ ತಡೆಯುತ್ತದೋ ನೋಡುತ್ತಾರೆ ಅಂದೆಯಲ್ಲ, ದಾರವನ್ನೂ ಎಳೆದು ನೋಡಿ ಅಂತ ನೀನೇ ಕೇಳು. ಕೇಳಿದರೆ ಅವರಿಗೆ ಬೇಜಾರಾಗುವುದಿಲ್ಲ, ಈ ಹುಡುಗಿಗೆ ಕೆಲಸ ಗೊತ್ತು ಅಂದುಕೊಳ್ಳುತ್ತಾರೆ. ಮತ್ತೆ ಇದು ನೆನಪಿರಲಿ: ಅವರು ಏನು ಹೇಳುತ್ತಾರೋ ಅದೇ ಕೊನೆ. ನಾನು ಏನೇ ಬರೆದರೂ ಅವರಿಗೆ ತೋರಿಸಿ, ಅವರು ಹೂಂ ಅಂದಮೇಲೆ ಮಾಡು. ಐದು ಸಾವಿರ ಮೈಲಿ ಆಚೆ ಜಗಲಿಯಲ್ಲಿ ಕೂತ ಮುದುಕನ ಮಾತಿನ ಮೇಲೆ ವಿಮಾನ ಹಾರಿಸಬಾರದು.

ಈಗ ನೀನು ಕೇಳಿದ ಪ್ರಶ್ನೆ. ಮಾರ್ಚಿಗೆ ಹಾರಿಸಬೇಕು ಅಂತ ಗೆಳೆಯರು ಆತುರ ಮಾಡುತ್ತಿದ್ದಾರೆ, ಬುಡದ ಆ ಒಂದು ಬೋಲ್ಟು ಬದಲಾಯಿಸಿ ಬಟ್ಟೆ ಮತ್ತೆ ಎಳೆದುಬಿಡೋಣ ಅನ್ನುತ್ತಾರೆ, ಇಲ್ಲ ಪೂರ್ತಿ ಬಿಚ್ಚಬೇಕಾ ತಾತ ಅಂತ. ಇದಕ್ಕೆ ಉತ್ತರವಾಗಿ ಆ ಕಥೆ ಹೇಳುತ್ತೇನೆ. ನಿಮ್ಮಮ್ಮ ಪಕ್ಕದಲ್ಲಿದ್ದರೆ ಇಲ್ಲಿಗೆ ನಿಲ್ಲಿಸು.

1980ರ ಆಷಾಢ. ಒಂದು ಪುಷ್ಪಕ್‌ನ ಎಡರೆಕ್ಕೆಗೆ ಹೊಸ ಬಟ್ಟೆ ಹಾಕಿದ್ದೆವು. ಹೊದಿಸುವ ಮೊದಲು ಒಳಗಿನ ಕೇಬಲ್ಲು, ರಾಟೆ ಎಲ್ಲ ನನ್ನ ಕೆಲಸ. ಹನ್ನೊಂದು ದಿನದ ಕೆಲಸ ಮುಗಿದು, ಮೂರನೆಯ ಕೋಟ್ ಡೋಪ್ ಒಣಗಿ, ತಮಟೆಯ ಹಾಗೆ ನಾದ ಕೊಡುತ್ತಿತ್ತು ರೆಕ್ಕೆ. ಶನಿವಾರ ಸಂಜೆ ಚೀಲಕ್ಕೆ ಸಾಮಾನು ತುಂಬುವಾಗ ನೋಡುತ್ತೇನೆ, ಸಣ್ಣ ಸ್ಕ್ರೂಡ್ರೈವರ್ ಇಲ್ಲ. ಹಳದಿ ಹಿಡಿ, ಗೇಣಿಗಿಂತ ಚಿಕ್ಕದು. ಬೆಂಚಿನ ಕೆಳಗೆ ನೋಡಿದೆ, ಹತ್ತಿ ತ್ಯಾಜ್ಯದ ಡಬ್ಬಿ ಸುರಿದು ನೋಡಿದೆ, ಜೇಬು ಹೊರಳಿಸಿದೆ. ಕೊನೆಯ ಸಲ ಎಲ್ಲಿ ಹಿಡಿದಿದ್ದೆ ಅಂತ ಯೋಚನೆ ಮಾಡುತ್ತಾ ಹೋದರೆ ನೆನಪು ರೆಕ್ಕೆಯ ಒಳಗೇ ಹೋಗಿ ನಿಲ್ಲುತ್ತಿತ್ತು: ರಾಟೆಯ ಪಕ್ಕ ಇಟ್ಟು, ಬೆವರು ಒರೆಸಿಕೊಂಡಿದ್ದು.

ರಾಟೆಗೂ ಕೇಬಲ್ಲಿಗೂ ನಡುವೆ ಅಷ್ಟು ಸಣ್ಣ ಸಾಮಾನು ಸಿಕ್ಕಿಕೊಂಡರೆ ಸಾಕು. ಪೈಲಟ್ ಬಲಕ್ಕೆ ತಿರುಗಿಸಿದ ಹಿಡಿಕೆ ವಾಪಸ್ ಬರುವುದಿಲ್ಲ.

ಯಾರಿಗೂ ಹೇಳಲಿಲ್ಲ. ಯಲಹಂಕದ ಬಾಡಿಗೆ ಮನೆಗೆ ಬಂದು ಮಲಗಿದೆ, ನಿದ್ದೆ ಹತ್ತಲಿಲ್ಲ. ಭಾನುವಾರ ಇಡೀ ದಿನ 'ಎಲ್ಲೋ ಬಿದ್ದಿರುತ್ತೆ ಬಿಡು' ಅಂತ ಒಂದು ಮನಸ್ಸು, 'ಎಲ್ಲಿ?' ಅಂತ ಇನ್ನೊಂದು. ನಿಜ ಹೇಳಬೇಕು ಅಂದರೆ ನನಗೆ ಆಗ ಹೆದರಿಕೆ ಆದದ್ದು ವಿಮಾನ ಬೀಳುತ್ತೆ ಅಂತಲ್ಲ. ಹನ್ನೊಂದು ದಿನ ನನ್ನ ಜೊತೆ ಬಗ್ಗಿದವರ ಮುಖ ಹೇಗೆ ನೋಡುವುದು ಅಂತ. ಆ ಒಂದೂವರೆ ದಿನದ ನಾಚಿಕೆ ಈಗಲೂ ನನಗಿದೆ ಪುಟ್ಟಿ. ಸ್ಕ್ರೂಡ್ರೈವರ್ ಕಳೆದದ್ದಕ್ಕಲ್ಲ, ಸುಮ್ಮನಿದ್ದದ್ದಕ್ಕೆ.

ಸೋಮವಾರ ಬೆಳಿಗ್ಗೆ ಎಂಜಿನಿಯರ್ ಹತ್ತಿರ ಹೋಗಿ ಹೇಳಿದೆ. ಮಾತು ಕಮ್ಮಿ ಮನುಷ್ಯ. ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಒಂದೇ ಕೇಳಿದರು: "ಒಳಗಿದೆ ಅಂತೀಯ?" "ಗೊತ್ತಿಲ್ಲ ಸಾರ್." "ಇಲ್ಲ ಅಂತ ಹೇಳಕ್ಕಾಗುತ್ತಾ?" "ಆಗಲ್ಲ ಸಾರ್." ಡ್ರಾಯರಿನಿಂದ ಬ್ಲೇಡ್ ತೆಗೆದು ನನ್ನ ಕೈಗಿಟ್ಟರು.

ಹೊಸ ಬಟ್ಟೆ ಕುಯ್ಯುವಾಗ ಆಗುವ ಸದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. ಬಿಗಿದು ನಿಂತಿದ್ದದ್ದು ಬ್ಲೇಡ್ ತಾಗಿದ ಕೂಡಲೇ ಪಟ್ಟನೆ ಸೀಳಿಕೊಂಡು ಓಡಿತು. ಕನ್ನಡಿ ತೂರಿಸಿ ಟಾರ್ಚ್ ಹಾಕಿ ನೋಡಿದೆವು. ಇಲ್ಲ. ಇನ್ನೂ ಮೂರು ಕಡೆ ಕುಯ್ದೆವು. ಇಲ್ಲ. ರೆಕ್ಕೆಯನ್ನು ನಾಲ್ಕು ಜನ ಹೊತ್ತು, ಮೊರದಲ್ಲಿ ಕೇರಿದ ಹಾಗೆ ಅಲ್ಲಾಡಿಸಿದೆವು. ಒಂದು ಹಿಡಿ ಮರದ ಪುಡಿ ಬಿತ್ತು, ಅಷ್ಟೇ.

ಸಂಜೆ ಮನೆಗೆ ಬಂದರೆ ನಿಮ್ಮಮ್ಮ, ನಾಲ್ಕು ವರ್ಷದವಳು, ಹಿತ್ತಲಲ್ಲಿ ಮಣ್ಣು ಕೆದಕುತ್ತಾ ಕೂತಿದ್ದಾಳೆ. ಹುಣಸೆಬೀಜ ಹೂಳುತ್ತಿದ್ದಾಳಂತೆ. ಕೈಯಲ್ಲಿ ಹಳದಿ ಹಿಡಿ.

ನಾನು ಏನೂ ಅನ್ನಲಿಲ್ಲ. ತೊಳೆದು ಚೀಲಕ್ಕೆ ಹಾಕಿಕೊಂಡೆ, ಬದಲಿಗೆ ಅವಳಿಗೊಂದು ಚಮಚ ಕೊಟ್ಟೆ. ನಿಮ್ಮಜ್ಜಿಗೂ ಹೇಳಲಿಲ್ಲ, ಇವತ್ತಿನವರೆಗೂ. ಮಾರನೆಯ ದಿನ ಎಂಜಿನಿಯರ್‌ಗೆ ಹೇಳಿದೆ. ಅವರು ರಿಜಿಸ್ಟರ್ ತೆಗೆದು, ಸಾಮಾನು ಸಿಕ್ಕಿದೆ ಅಂತ ಬರೆದು, ದಿನಾಂಕ ಹಾಕಿ ರುಜು ಮಾಡಿದರು. "ಹೋಗು, ಹೊಲಿ" ಅಂದರು. ಮತ್ತೆ ಹನ್ನೊಂದು ದಿನ. ಹುಡುಗರು ನನ್ನನ್ನು ವರ್ಷಗಟ್ಟಲೆ ಸ್ಕ್ರೂಡ್ರೈವರ್ ಗೌಡ ಅಂತ ಕರೆದರು. ಆಮೇಲೆ ಹಲಗೆಯ ಮೇಲೆ ಒಂದೊಂದು ಸಾಮಾನನ್ನೂ ಇಟ್ಟು ಸುತ್ತ ಸುಣ್ಣದಲ್ಲಿ ಗೆರೆ ಎಳೆದು, ನೆರಳು ಬರೆದ ಹಾಗೆ ಜಾಗ ಮಾಡಿದೆವು. ಸಾಮಾನು ಇಲ್ಲದ ನೆರಳು ದೂರದಿಂದಲೇ ಕಾಣುತ್ತಿತ್ತು. ನಿಮ್ಮ ಹ್ಯಾಂಗರಿನಲ್ಲಿ ಅಂಥದ್ದೊಂದು ಹಲಗೆ ಇಲ್ಲದಿದ್ದರೆ ಬಟ್ಟೆ ಬಿಚ್ಚುವ ಮೊದಲು ಅದನ್ನು ಮಾಡಿ.

ಅದಕ್ಕೇ ಹೇಳುವುದು, ಆ ಬೋಲ್ಟಿನ ಸುತ್ತ ಪುಡಿ ಇದೆ. ಒಳಗಿರುವ ಉಳಿದ ಬೋಲ್ಟುಗಳ ಸುತ್ತ ಇಲ್ಲ ಅಂತ ನೀನು ಹೇಳಬಲ್ಲೆಯಾ? ಹೇಳಲಾಗದಿದ್ದರೆ ಬಿಚ್ಚು. ಎರಡೂ ರೆಕ್ಕೆ, ಬಾಲವೂ ಸೇರಿ. ಬಿಚ್ಚಿದ ಮೇಲೆ ಏನೂ ಸಿಗದೆ ಗೆಳೆಯರು ನಕ್ಕರೆ ನಗಲಿ. ಮಾರ್ಚು ಹೋದರೆ ಏಪ್ರಿಲ್ ಬರುತ್ತದೆ.

ಬಿಚ್ಚುವಾಗ ಒಂದು ನೋಟ್‌ಬುಕ್ ಇಟ್ಟುಕೊ. ಕೊಳವೆ ಕೊಳವೆಗೂ ಚೀಟಿ ಕಟ್ಟು, ಎಡ ಬಲ ಬರೆ. ಬೋಲ್ಟ್ ತೆಗೆದ ಮೇಲೆ ತೂತು ದುಂಡಗಿದೆಯೋ ಕೋಳಿಮೊಟ್ಟೆಯ ಹಾಗೆ ಉದ್ದುದ್ದ ಆಗಿದೆಯೋ ನೋಡು. ಉದ್ದವಾಗಿದ್ದರೆ ಆ ಕೊಳವೆ ಆಚೆಗೆ. ಒಳಗೆ ನೈಲಾನ್ ಉಂಗುರವಿರುವ ನಟ್ಟುಗಳನ್ನು ಒಂದು ಸಲ ತೆಗೆದರೆ ಎಸೆದುಬಿಡು, ಚಿಲ್ಲರೆ ಕಾಸಿಗೆ ಆಸೆಪಡಬೇಡ. ಸ್ಪ್ಲಿಟ್ ಪಿನ್ನೂ ಅಷ್ಟೇ. ಗಾಡಿಗೆ ಕಡಾಣಿ ಹೇಗೋ ಇದಕ್ಕೆ ಆ ಪಿನ್ನು ಹಾಗೆ, ಬೆಲೆ ನೋಡಿದರೆ ಏನೂ ಇಲ್ಲ. ಕೇಬಲ್ಲಿನ ಮೇಲೆ ಹಳೆಯ ಬನಿಯನ್ ಬಟ್ಟೆ ಹಿಡಿದು ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಎಳೆ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಒಂದು ತಂತಿ ಮುರಿದಿದೆ ಅಂತ. ಬರಿಗೈಯಲ್ಲಿ ಎಳೆಯಬೇಡ, ನನ್ನ ಹೆಬ್ಬೆರಳಿನ ಗಾಯ ನೋಡಿದ್ದೀಯಲ್ಲ. ಕೊಟ್ಟಿಗೆಯಲ್ಲಿ ಇದ್ದದ್ದು ಅಂದೆ, ಹಾಗಾದರೆ ಇಲಿಗೂಡು ಹುಡುಕು. ಗೂಡಿಗಿಂತ ಅದರ ಉಚ್ಚೆ ಕೆಟ್ಟದ್ದು, ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ವೇಗ ತೋರಿಸುವ ಪಿಟೋ ಕೊಳವೆಯ ಬಾಯಿಗೆ ಯಾವಾಗಲೂ ಟೋಪಿ ಹಾಕಿಡು. ನಮ್ಮಲ್ಲಿ ಕುಂಬಾರ ಹುಳು ಒಂದು ಮಧ್ಯಾಹ್ನದಲ್ಲಿ ಮಣ್ಣು ಮೆತ್ತಿ ಮುಚ್ಚಿಬಿಡುತ್ತಿತ್ತು, ನಮ್ಮ ಬಾಗಿಲಿನ ಬೀಗದ ಕಂಡಿ ಮುಚ್ಚುತ್ತದಲ್ಲ ಹಾಗೆ. ನಿಮ್ಮ ಕಡೆಯೂ ಏನಾದರೊಂದು ಹುಳು ಇದ್ದೇ ಇರುತ್ತದೆ.

ಎಂಜಿನ್ ವಿಷಯ ಹೆಚ್ಚು ಬರೆಯುವುದಿಲ್ಲ, ಅದು ನನ್ನ ಕಸುಬಲ್ಲ. ರೊಟ್ಯಾಕ್ಸ್ 582, ಎರಡು ಸಿಲಿಂಡರಿನ ಟೂ-ಸ್ಟ್ರೋಕ್, ನೀರಿನಲ್ಲಿ ತಣಿಯುವಂಥದ್ದು. ನಿಮ್ಮ ದೊಡ್ಡತಾತನ ಎಜ್ಡಿ ನೆನಪಿದೆಯಾ? ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದ್ದು. ಅದರ ಸೈಲೆನ್ಸರ್ ಬಿಚ್ಚಿ, ಬೆಂಕಿಗಿಟ್ಟು, ಒಳಗಿನ ಮಸಿ ಕೆರೆದರೆ ಆಮೇಲೆ ಹೊಸ ಹೋರಿಯ ಹಾಗೆ ಓಡುತ್ತಿತ್ತು. ನಿನ್ನದೂ ಅದೇ ಕುಲ. ಮಸಿ ಕೆರೆಯಲೇಬೇಕು, ಪೆಟ್ರೋಲಿಗೆ ಎಣ್ಣೆ ಅಳತೆಯಲ್ಲಿ ಬೆರೆಸಲೇಬೇಕು. ಚಳಿಯಲ್ಲಿ ಸ್ಟಾರ್ಟ್ ಮಾಡಿ ಕೂಡಲೇ ಪೂರ್ತಿ ತಿರುಗಿಸಿದರೆ ಪಿಸ್ಟನ್ ಬೇಗ ಉಬ್ಬುತ್ತದೆ, ಸಿಲಿಂಡರ್ ಇನ್ನೂ ತಣ್ಣಗೇ ಇರುತ್ತದೆ, ಹಿಡಿದುಕೊಂಡುಬಿಡುತ್ತದೆ. ಎಜ್ಡಿ ಸೀಜ್ ಆದರೆ ಮದ್ದೂರು ರಸ್ತೆಯಲ್ಲಿ ತಳ್ಳಿಕೊಂಡು ಬರಬಹುದು. ಮೇಲೆ ತಳ್ಳುವವರು ಯಾರು?

ಇನ್ನು ಪೆಟ್ರೋಲಿನ ಪೈಪು ಮೆತ್ತಗಾಗಿ ಅಂಟು ಅಂಟಾಗಿದೆ ಅಂದೆಯಲ್ಲ, ಅದು ಎಥನಾಲ್ ಕೆಲಸ ಇರಬಹುದು. ಪಂಪಿನ ಪೆಟ್ರೋಲಿಗೆ ನಿಮ್ಮಲ್ಲಿ ನೂರಕ್ಕೆ ಹತ್ತು ಭಾಗದವರೆಗೆ ಬೆರೆಸುತ್ತಾರೆ, ನಮ್ಮಲ್ಲಿ ಈ ವರ್ಷ ಇಪ್ಪತ್ತಕ್ಕೆ ಬಂದಿದೆ. ಅದು ನೀರನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ನಮ್ಮೂರಿನಲ್ಲಿ ಇದನ್ನು ದೂರುವ ಹಾಗಿಲ್ಲ. ಎಥನಾಲ್ ಕಬ್ಬಿನಿಂದಲೂ ಬರುತ್ತದೆ, ನಮ್ಮದು ಮಂಡ್ಯ. 1933ರಲ್ಲಿ ಮೈಷುಗರ್ ಸಕ್ಕರೆ ಕಂಪನಿ ಶುರುವಾದಾಗಿನಿಂದ ಈ ಸೀಮೆಯ ಮದುವೆ, ಮನೆ, ಮಕ್ಕಳ ಓದು ಎಲ್ಲ ಕಬ್ಬಿನ ಲೆಕ್ಕದಲ್ಲೇ. ನಿನ್ನ ಎಂಜಿನಿಯರಿಂಗ್ ಫೀಸಿನ ಮೊದಲ ಕಂತೂ ಅದರದ್ದೇ. ಈಗ ಅದೇ ಕಬ್ಬಿನ ಜಾತಿಯದು ನಿನ್ನ ಪೈಪು ತಿನ್ನುತ್ತಿದ್ದರೆ ಏನನ್ನುವುದು. ಪೈಪೆಲ್ಲ ಹೊಸದು ಹಾಕು, ಕಾರ್ಬ್ಯುರೇಟರಿನ ರಬ್ಬರ್ ಬುಡ ಬಗ್ಗಿಸಿ ಬಿರುಕು ನೋಡು, ಹಾರಿಸದ ದಿನಗಳಲ್ಲಿ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಡಬೇಡ.

ನಿಮ್ಮಜ್ಜಿಯ ತಕರಾರು ಬರೆಯದಿದ್ದರೆ ಈ ಕಾಗದ ಅಂಚೆಗೆ ಹೋಗುವುದಿಲ್ಲ. "ಮನೇಲಿ ಮಾಡಿದ ಇಮಾನ ಹತ್ತದು ಯಾವ ಸೀಮೆ ಬುದ್ಧಿ" ಅನ್ನುತ್ತಾಳೆ. ಮುಂಬೈಯ ಕಾಂದಿವಲಿಯಲ್ಲಿ ಕ್ಯಾಪ್ಟನ್ ಅಮೋಲ್ ಯಾದವ್ ಅಂತ ಪೈಲಟ್ ಒಬ್ಬರು ತಮ್ಮ ಮನೆಯ ತಾರಸಿಯ ಮೇಲೆ ಆರು ಸೀಟಿನ ವಿಮಾನವನ್ನೇ ಕಟ್ಟಿದರು, 2016ರಲ್ಲಿ ಅದನ್ನು ಮುಂಬೈಯ ದೊಡ್ಡ ಪ್ರದರ್ಶನದಲ್ಲೂ ಇಟ್ಟರು ಅಂತ ಹೇಳಿದೆ. ಅವಳು ಕೇಳಿದ್ದು ಒಂದೇ, "ಕೆಳಕ್ಕೆ ಹೆಂಗ್ ಇಳ್ಸುದ್ರಂತೆ?" ಎಂಬತ್ತರ ದಶಕದಲ್ಲಿ ನಮ್ಮ ಬೆಂಗಳೂರಿನ ಎನ್‌ಎಎಲ್ ಪ್ರಯೋಗಾಲಯದವರೇ ಅಮೆರಿಕದ ಬರ್ಟ್ ರುಟಾನ್ ಮನೆಯಲ್ಲಿ ಕಟ್ಟುವವರಿಗಾಗಿ ಬರೆದ ನಕ್ಷೆ ಹಿಡಿದು ಬಾಲ ಮುಂದೆ, ಎಂಜಿನ್ ಹಿಂದೆ ಇರುವ ಒಂದು ಪುಟ್ಟ ವಿಮಾನ ಮಾಡಿ ಹಾರಿಸಿದರು, ಗಾಜಿನ ನಾರು ಅಂಟಿಸಿ ವಿಮಾನ ಕಟ್ಟುವುದನ್ನು ಅದರಲ್ಲಿ ಕಲಿತರು, 1993ರಲ್ಲಿ ಹಾರಿದ ಅವರದೇ ಹಂಸ ವಿಮಾನ ಆಮೇಲೆ ಬಂದದ್ದು ಅಂತಲೂ ಹೇಳಿದೆ. ಅಷ್ಟರಲ್ಲಿ ಅವಳು ಎದ್ದು ಹೋಗಿದ್ದಳು.

ಆದರೆ ಹೋದ ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ ನೇರ ವೈದ್ಯನಾಥೇಶ್ವರನ ಗುಡಿಗೆ ಹೋದಳು. ನಿನಗೆ ಗೊತ್ತಲ್ಲ, ಶಿಂಷಾ ದಡದ ನಮ್ಮ ಸ್ವಾಮಿ ಚರ್ಮದ ಕಾಯಿಲೆಗೆ ವೈದ್ಯ. ಎಲ್ಲೆಲ್ಲಿಂದಲೋ ಜನ ಮೈಗೆ ಕಜ್ಜಿ, ತೊನ್ನು ಅಂತ ಹರಕೆ ಹೊತ್ತು ಬರುತ್ತಾರೆ. ಇವಳು ಅರ್ಚನೆ ಮಾಡಿಸಲು ನಿಂತಳಂತೆ. ಅರ್ಚಕರು ಹೆಸರು, ನಕ್ಷತ್ರ ಕೇಳಿದರಂತೆ. "ನನ್ ಮೊಮ್ಮಗಳ ಇಮಾನದ ಹೆಸರಿಗೆ, ಅದ್ಕೆ ಚರ್ಮ ಬಿಚ್ಚವ್ರೆ" ಅಂದಳಂತೆ. ಅವರು ಒಂದು ಗಳಿಗೆ ಸುಮ್ಮನಿದ್ದು, ನಿನ್ನ ಹೆಸರಿಗೇ ಮಾಡಿ ಕೊಟ್ಟಿದ್ದಾರೆ. ಪ್ರಸಾದ ಈ ಕಾಗದದ ಜೊತೆ ಪೊಟ್ಟಣದಲ್ಲಿದೆ. ವಿಮಾನಕ್ಕೆ ಹಚ್ಚಬೇಡ, ಇನ್ಸ್‌ಪೆಕ್ಟರ್ ಅದನ್ನೂ ತುಕ್ಕು ಅಂದಾರು.

ಗುಡಿಯಿಂದ ಬರುವಾಗ ಹೊಳೆಯ ಮೇಲೆ ಹೆಜ್ಜಾರ್ಲೆಗಳು ಕಂಡವಂತೆ, ಈ ವರ್ಷದ ಮೊದಲನೆಯವು. ಕೊಕ್ಕರೆ ಬೆಳ್ಳೂರಿನ ಮರಗಳಿಗೆ ಜಾಗ ಹಿಡಿಯಲು ಬಂದಿರುತ್ತವೆ. ನೀನು ಎಂಟು ವರ್ಷದವಳಿದ್ದಾಗ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿದ್ದೆ, ಊರ ನಡುವಿನ ಹುಣಸೆಮರದ ಕೆಳಗೆ ನಿಂತು ತಲೆಯ ಮೇಲೆ ಹಿಕ್ಕೆ ಬೀಳಿಸಿಕೊಂಡು ಅತ್ತಿದ್ದೆ. ಅಷ್ಟು ಭಾರದ ಹಕ್ಕಿ, ರೆಕ್ಕೆ ಬಡಿಯದೆ ಬಿಸಿಗಾಳಿಯ ಮೇಲೆ ಸುತ್ತುತ್ತಾ ಸುತ್ತುತ್ತಾ ಏರುವುದನ್ನು ನೋಡಿ ಅಳು ನಿಲ್ಲಿಸಿದ್ದೆ. ನಾನು ಆವತ್ತು ನೋಡಿದ್ದು ಬೇರೆ. ಕೊಂಬೆಯ ಮೇಲೆ ಕೂತದ್ದು ನಾವಿದ್ದ ಒಂದೂವರೆ ಗಂಟೆ ಹೊತ್ತೂ ಕೊಕ್ಕಿನಿಂದ ಗರಿ ತಿದ್ದಿಕೊಳ್ಳುತ್ತಲೇ ಇತ್ತು. ಬಾಲದ ಬುಡದಿಂದ ಎಣ್ಣೆ ತೆಗೆದು, ಒಂದೊಂದೇ ಗರಿಗೆ ಸವರಿ. ಹಾರಲೇ ಇಲ್ಲ.

ಫೆಬ್ರವರಿಯಲ್ಲಿ ಪಕ್ಕದ ಮನೆಯ ದೊಡ್ಡ ಹುಡುಗ ಲಂಡನ್ನಿಗೆ ಹೊರಟಿದ್ದಾನೆ. ಅವನ ಕೈಲಿ ಕೊಬ್ಬರಿ ಮಿಠಾಯಿ, ಹುಣಸೆಹಣ್ಣು, ನಿಮ್ಮಜ್ಜಿಯ ಹುರುಳಿಕಾಳು, ಎರಡು ಪೊಟ್ಟಣ ಮದ್ದೂರು ವಡೆ ಕಳಿಸುತ್ತೇನೆ. ದೊಡ್ಡ ಸೂಟ್‌ಕೇಸಿನ ತಳದಲ್ಲಿ ಹಳೆಯ ಟವೆಲಿನಲ್ಲಿ ಸುತ್ತಿದ ಒಂದು ಸಣ್ಣ ಗಂಟಿರುತ್ತದೆ, ಕೈಚೀಲದಲ್ಲಿ ಇಟ್ಟರೆ ವಿಮಾನದವರು ಕಿತ್ತುಕೊಳ್ಳುತ್ತಾರೆ. ಅದರಲ್ಲಿ ಮೇಣದ ಒಂದು ಉಂಡೆ, ನಾನು ಹೊಲಿಯುತ್ತಿದ್ದ ಉದ್ದ ಸೂಜಿ, ಮತ್ತೆ ಆ ಸ್ಕ್ರೂಡ್ರೈವರ್. ನಿಮ್ಮ ಹಲಗೆಯ ಮೇಲೆ ಅದಕ್ಕೂ ಒಂದು ಗೆರೆ ಎಳೆ. ಹಿಡಿಯ ತುದಿಯಲ್ಲಿ ಬೆಳಕಿಗೆ ಹಿಡಿದು ನೋಡಿದರೆ ನಾಲ್ಕು ಸಣ್ಣ ಕುಳಿ ಕಾಣುತ್ತವೆ. ಅವು ನಿಮ್ಮಮ್ಮನ ಹಾಲುಹಲ್ಲಿನವು.

ನಿನ್ನ ತಾತ